ಎದುರಾಳಿಯಿಲ್ಲದ ಕಾಳಗದಲ್ಲಿ ಕಂಚು

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಮಗಳು ಕರಾಟೆ ಕಲಿಯುತ್ತಿದ್ದಾಳೆ. ‘ಕಟಾ’ ಎಂಬ ಒಂದೇ ಚಲನೆಗಳ ಸರಣಿಯನ್ನು ತಿಂಗಳುಗಟ್ಟಲೆ ತಿದ್ದಿಸುವುದೇಕೆ ಎಂದು ಅವಳು ಬೇಸರಪಟ್ಟಾಗಲೆಲ್ಲ ನಾನು ಟರ್ಕಿಯ ಅಲಿ ಸೋಫುವೊಗ್ಲು ಅವರ ಪಂದ್ಯಗಳನ್ನು ತೋರಿಸುತ್ತೇನೆ.

ಕಟಾ ಎಂದರೆ ಕಣ್ಣಿಗೆ ಕಾಣದ ಎದುರಾಳಿಯೊಡನೆ ನಿಗದಿತ ಕ್ರಮದಲ್ಲಿ ನಡೆಸುವ ಕಾಳಗ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಏಳು ಮಂದಿ ತೀರ್ಪುಗಾರರು ಅಂಕ ನೀಡುತ್ತಿದ್ದರು. ಅತಿ ಹೆಚ್ಚಿನ ಎರಡನ್ನೂ ಅತಿ ಕಡಿಮೆಯ ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಿದ್ದರು. ಅದರಲ್ಲಿ ಶೇ. 70ರಷ್ಟು ತೂಕ ತಂತ್ರಕ್ಕೆ, ಶೇ. 30ರಷ್ಟು ವೇಗ, ಬಲ ಮತ್ತು ಸಮತೋಲನಕ್ಕೆ. ನಿಲುವಿನಲ್ಲಿ ಪಾದವೊಂದು ತುಸು ಅಲುಗಿದರೂ ಅದನ್ನು ಮುಚ್ಚಿಕೊಳ್ಳಲು ದಾರಿಯಿಲ್ಲ; ಎದುರಾಳಿಯೊಡನೆ ನೇರವಾಗಿ ಸೆಣಸುವ ಕುಮಿತೆಗಿಂತ ಕಟಾ ನಿರ್ದಯವೆಂದು ನಾನು ಭಾವಿಸುವುದು ಇದೇ ಕಾರಣಕ್ಕೆ.

2021ರ ಆಗಸ್ಟ್ 6ರಂದು, ಜಪಾನಿನ ಸಮರಕಲೆಗಳ ತವರಿನಂತಿರುವ ನಿಪ್ಪಾನ್ ಬುಡೋಕಾನ್ ಅಂಗಣದಲ್ಲಿ, ಸೋಫುವೊಗ್ಲು ದಕ್ಷಿಣ ಕೊರಿಯಾದ ಪಾರ್ಕ್ ಹೀ-ಜುನ್ ಅವರನ್ನು ಮಣಿಸಿ ಕಂಚಿನ ಪದಕ ಗೆದ್ದರು. ಚಿನ್ನ ಆತಿಥೇಯ ಜಪಾನಿನ ರಿಯೊ ಕಿಯುನಾ ಅವರ ಪಾಲಾಯಿತು. ಆ ಕೂಟದಲ್ಲಿ ಟರ್ಕಿಯ ಎರಾಯ್ ಶಾಮ್‌ದಾನ್ ಬೆಳ್ಳಿಯನ್ನೂ, ಮೆರ್ವೆ ಚೋಬಾನ್ ಮತ್ತು ಉಗುರ್ ಅಕ್ತಾಶ್ ಕಂಚನ್ನೂ ಗೆದ್ದರು. ಕರಾಟೆಯೊಂದರಿಂದಲೇ ನಾಲ್ಕು ಪದಕ!

2024ರ ಪ್ಯಾರಿಸ್ ಕೂಟದಲ್ಲಿ ಕರಾಟೆಯನ್ನು ಕೈಬಿಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ. ಬಾಲ್ಯದಿಂದ ಇದಕ್ಕೇ ದೇಹ ಸವೆಸಿದವರಿಗೆ ಒಲಿಂಪಿಕ್ಸ್‌ನ ಬಾಗಿಲು ಒಮ್ಮೆ ತೆರೆದು ಮುಚ್ಚಿಕೊಂಡಿತು. ಮಗಳಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಫುವೊಗ್ಲು ಅವರು ತಿರುಗುವಾಗ ಹಿಮ್ಮಡಿ ಎಲ್ಲಿರುತ್ತದೆಂದು ನೋಡಲು ವಿಡಿಯೊವನ್ನು ಮತ್ತೆ ಹಾಕಿಸಿದಳು.