ಹಳ್ಳಿಯ ಗುಡಿಯ ವೀರಪ್ಪ

ನನ್ನ ತಾಯಿಯ ತವರೂರು ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿಯಾಗಿತ್ತು. ಈಗ ನಾಲ್ಕು ಬಡಾವಣೆಗಳ ನಡುವೆ ಅದರ ಎರಡು ಬೀದಿ, ಒಂದು ಅರಳಿಕಟ್ಟೆ, ಒಂದು ಈಶ್ವರನ ಗುಡಿ ಮಾತ್ರ ಉಳಿದಿವೆ. ಗುಡಿಯ ಬಲಕ್ಕೆ ಎದೆಯೆತ್ತರದ ಕಲ್ಲೊಂದು ನಿಂತಿದೆ. ಊರಿನವರಿಗೆ ಅದು ವೀರಪ್ಪ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವ ಮೊದಲು ದನಗಳನ್ನು ಅದರ ಮುಂದೆ ನಿಲ್ಲಿಸಿ ಮಂಗಳಾರತಿ ಎತ್ತುವುದನ್ನು ಚಿಕ್ಕಂದಿನಿಂದ ನೋಡಿದ್ದೆನಾದರೂ, ಆ ಕಲ್ಲಿಗೂ ದನಕ್ಕೂ ಏನು ಸಂಬಂಧವೆಂದು ಯಾರನ್ನೂ ಕೇಳಿರಲಿಲ್ಲ.

ಕಳೆದ ಮಾರ್ಗಶಿರದಲ್ಲಿ ಸೋದರಮಾವ ಫೋನ್ ಮಾಡಿದರು. ಗುಡಿಯ ಜೀರ್ಣೋದ್ಧಾರಕ್ಕೆ ಹಣ ಕೂಡಿದೆ, ಅಂಗಳಕ್ಕೆಲ್ಲ ಗ್ರಾನೈಟ್ ಹಾಸುತ್ತಾರೆ, ವೀರಪ್ಪನನ್ನು ಕಿತ್ತು ಹಿಂಬದಿಯ ಗೋಡೆಗೆ ಒರಗಿಸುತ್ತಾರೆ ಎಂದರು. ಶಾಸನ ಓದಬಲ್ಲ ಹಿರಿಯ ಮೇಷ್ಟ್ರೊಬ್ಬರನ್ನು ಕರೆದುಕೊಂಡು ಮುಂದಿನ ಭಾನುವಾರ ಬೆಳಿಗ್ಗೆಯೇ ಅಲ್ಲಿಗೆ ಹೋದೆ.

ದಿನವೂ ಕಲ್ಲಿಗೆ ದೀಪ ಹಚ್ಚುವ ಅಜ್ಜಿಯ ಒಪ್ಪಿಗೆ ಪಡೆಯದೆ ಮೇಷ್ಟ್ರು ಅದನ್ನು ಮುಟ್ಟಲಿಲ್ಲ. "ತೊಳೀರಪ್ಪ, ಆದ್ರೆ ಚಪ್ಪಲಿ ಬಿಟ್ಟು ಬನ್ನಿ" ಎಂದು ಅಜ್ಜಿ ತಾವೇ ಬಿಂದಿಗೆಯಲ್ಲಿ ನೀರು ತಂದುಕೊಟ್ಟರು. ಹಿಂದೊಮ್ಮೆ ಯಾರೋ ಭಕ್ತಿಯಿಂದಲೇ ಶಿಲ್ಪಗಳಿಗೆ ಹಸಿರು, ಕೆಂಪು ಬಣ್ಣ ಬಳಿದಿದ್ದರು. ಅದಕ್ಕೆ ನಾವು ಕೈಹಚ್ಚಲಿಲ್ಲ. ಶಿಲ್ಪದ ಪಟ್ಟಿಕೆಗಳ ನಡುವಿನ ಬರಹದ ಸಾಲುಗಳಲ್ಲಿ ಮಾತ್ರ ಎಣ್ಣೆ, ಅರಿಸಿನ, ಸುಣ್ಣ ಸೇರಿ ಗಟ್ಟಿಯಾಗಿ ಕೂತಿದ್ದವು. ತಂತಿ ಬ್ರಷ್ ಬೇಡವೆಂದು ಮೇಷ್ಟ್ರು ಬಿದಿರಿನ ಕಡ್ಡಿಯಿಂದ ಒಂದೊಂದೇ ಅಕ್ಷರದ ಒಳಗಿನ ಜಿಡ್ಡನ್ನು ಬಿಡಿಸುತ್ತಾ ಹೋದರು. ಮರಳನ್ನು ರಭಸದಿಂದ ಹಾಯಿಸಿ ಕಲ್ಲು ಹೊಳೆಯುವಂತೆ ಮಾಡುವ ಇಂದಿನ ಪದ್ಧತಿ ಜಿಡ್ಡಿನ ಜೊತೆಗೆ ಅಕ್ಷರದ ಅಂಚನ್ನೂ ಸವೆಸುತ್ತದೆ. ಹಿಂದಿನವರ ಸುಣ್ಣ ಅಕ್ಷರವನ್ನು ಮರೆಮಾಡಿತ್ತು ನಿಜ, ಆದರೆ ಅಳಿಸಿರಲಿಲ್ಲ.

ತೊಳೆದ ಮೇಲೆ ಕಲ್ಲು ಮೂರು ಹಂತಗಳಲ್ಲಿ ಸ್ಪಷ್ಟವಾಯಿತು. ಕೆಳಗೆ ಬಿಲ್ಲು ಹಿಡಿದ ವೀರ, ಅವನ ಹಿಂದೆ ಸಾಲಾಗಿ ದನಗಳು. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ, ಇಕ್ಕೆಲಗಳಲ್ಲಿ ಸೂರ್ಯಚಂದ್ರರು. ತೆಳುಕಾಗದವನ್ನು ನೆನೆಸಿ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗಳೊಳಗೆ ಇಳಿಸಿ, ಅರೆ ಒಣಗಿದ ಮೇಲೆ ಮಸಿಯುಂಡೆಯನ್ನು ಮೆಲ್ಲಗೆ ಒತ್ತಿದಾಗ ಕಪ್ಪಿನ ನಡುವೆ ಬೆಳ್ಳಗೆ ಅಕ್ಷರಗಳು ಮೂಡಿದವು. ಆ ಪಡಿಯಚ್ಚನ್ನು ಬಿಸಿಲಿಗೆ ಹಿಡಿದು ಮೇಷ್ಟ್ರು ಓದಿದರು: "ತುಱುವಂ ಮಗುಳ್ಚಿ ಸತ್ತ." ತುಱು ಎಂದರೆ ದನ, ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಮರಳಿಸಿ ಸತ್ತವನು ಈತ. ಈಗ ಬರವಣಿಗೆಯಲ್ಲಿ ಬಳಸದ ಆ 'ಱ' ಅಕ್ಷರದ ಮೇಲೆ ಬೆರಳಿಟ್ಟು ಮಾವ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಶಾಸನ ಓದುವವರೇ ಇಲ್ಲದ ಊರಿನಲ್ಲಿಯೂ ಸಂಕ್ರಾಂತಿಯ ದಿನ ದನಗಳು ತಪ್ಪದೆ ಅವನ ಮುಂದೆ ಬಂದು ನಿಲ್ಲುತ್ತಿದ್ದವಲ್ಲ ಎಂದು ನೆನೆದು ನನ್ನ ಮೈ ಜುಮ್ಮೆಂದಿತು.

ಮಧ್ಯಾಹ್ನ ಸಮಿತಿಯವರೊಡನೆ ಅರಳಿಕಟ್ಟೆಯ ಮೇಲೆ ಕೂತು ಮಾತನಾಡಿದೆವು. ಬೆಂಗಳೂರಿನ ಹೆಸರು ನಮಗೆ ಸಿಗುವ ಹಳೆಯ ಬರಹವೇ ಬೇಗೂರಿನ ನಾಗೇಶ್ವರ ಗುಡಿಯ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು, ಬೆಂಗಳೂರಿನ ಕಾಳಗದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನ ಕಲ್ಲು ಅದಕ್ಕೂ ಹಿಂದಿನದು, ಸುಮಾರು ಕ್ರಿ.ಶ. 750ರದು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದ ಮೇಲೆ ಅವುಗಳಲ್ಲಿ ಎಷ್ಟೋ ಕಲ್ಲುಗಳು ರಸ್ತೆ, ಕಟ್ಟಡಗಳ ಅಡಿ ಸೇರಿವೆ. ಮೇಷ್ಟ್ರು ಇದನ್ನೆಲ್ಲ ಹೇಳುತ್ತಿದ್ದಾಗ ಸಮಿತಿಯ ಹಿರಿಯರೊಬ್ಬರು, "ನಾವು ಗುಡಿಗೆ ಒಳ್ಳೇದು ಮಾಡೋಣ ಅಂತಲೇ ಹೊರಟಿದ್ದು ಸ್ವಾಮಿ" ಎಂದರು. ಆ ಮಾತಿನಲ್ಲಿ ನನಗೆ ಸಂದೇಹವಿರಲಿಲ್ಲ. ಪೂಜೆ ಇದ್ದುದರಿಂದಲೇ ಇಷ್ಟು ಶತಮಾನ ಈ ಕಲ್ಲು ಯಾರದೋ ಮನೆಯ ಪಾಯಕ್ಕೆ ಹೋಗದೆ ಉಳಿದಿದೆ. ಪೂಜೆ ನಿಲ್ಲಿಸಿ ಇದನ್ನು ಗಾಜಿನೊಳಗೆ ಇಡಬೇಕೆಂದು ನಾನು ಎಂದೂ ಹೇಳಲಾರೆ. ನಾನು ಕೇಳಿಕೊಂಡದ್ದು ಇಷ್ಟೇ: ಕಲ್ಲು ನಿಂತಲ್ಲೇ ನಿಲ್ಲಲಿ, ಹಾಸುಗಲ್ಲು ಅದರ ಸುತ್ತ ಒಂದು ಗೇಣು ದೂರವಿರಲಿ, ಮತ್ತೆ ಬಣ್ಣ ಬಳಿಯುವುದು ಬೇಡ. ಮೊದಲೆರಡಕ್ಕೆ ಅಂದೇ ಒಪ್ಪಿದರು. ಬಣ್ಣದ ವಿಷಯ ಮುಂದಿನ ಸಭೆಗೆ ಹೋಯಿತು.

ಹೊರಡುವ ಹೊತ್ತಿಗೆ ಅಜ್ಜಿ ಮತ್ತೆ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದರು. ಅಕ್ಷರದ ಸಾಲುಗಳನ್ನು ಬಿಟ್ಟು, ವೀರನ ಹಣೆಗೆ ಮಾತ್ರ ಕುಂಕುಮ ಇಟ್ಟು, "ಅವನ ಹೆಸರೇನು ಅಂತ ಬರೆದದೆ?" ಎಂದು ಕೇಳಿದರು. ಹೆಸರಿರಬೇಕಾದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದುಹೋಗಿತ್ತು. "ಇನ್ನೊಂದು ಸಾಲು ಮಣ್ಣಿನೊಳಗಿದೆ ಅಜ್ಜಿ, ಅದರಲ್ಲಿ ಇದ್ದರೂ ಇರಬಹುದು" ಎಂದು ಮೇಷ್ಟ್ರು ಹೇಳಿದ್ದೇ ತಡ, ಮಾವ ಕಲ್ಲಿನ ಬುಡದಲ್ಲಿ ಮಂಡಿಯೂರಿ ಎರಡೂ ಕೈಗಳಿಂದ ಮಣ್ಣು ಸರಿಸತೊಡಗಿದರು.