ಮೂರು ಸಲ ದೊಡ್ಡವನು ನಿಜವಾಗಿ ಇದ್ದನಾ?

"ರಸವಿದ್ಯೆಯ ಮೂಲಪುರುಷ ಅಂತಾರಲ್ಲ, ಆ ಹರ್ಮೀಸ್ ಟ್ರಿಸ್ಮೆಜಿಸ್ಟಸ್ ಅನ್ನೋ ಋಷಿ ನಿಜವಾಗ್ಲೂ ಇದ್ದನಾ?" ರಸವಿದ್ಯೆಯ (ಆಲ್ಕೆಮಿ) ಬಗ್ಗೆ ಏನೇ ಮಾತು ಬಂದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಇರಲಿಲ್ಲ. ಆದರೆ ಅವನ ಹೆಸರು ಹುಟ್ಟಿದ ಬಗೆಯನ್ನು ಕಲ್ಲಿನ ಮೇಲೇ ಓದಬಹುದು.

ಈಜಿಪ್ಟಿನ ಥೋತ್ ದೇವರಿಗೆ ಐಬಿಸ್ ಹಕ್ಕಿಯ ತಲೆ. ಬರವಣಿಗೆ, ಲೆಕ್ಕ, ಮಂತ್ರ ಎಲ್ಲಕ್ಕೂ ಅವನೇ ಒಡೆಯ. ಗ್ರೀಕರು ಅವನನ್ನು ನೋಡಿ "ಇವನು ನಮ್ಮ ದೇವರು ಹರ್ಮೀಸೇ" ಅಂದರು. ಥೋತನ ಊರನ್ನೂ ಹರ್ಮೊಪೊಲಿಸ್ ಅಂತಲೇ ಕರೆದರು.

ಈಜಿಪ್ಟಿನವರು ಅವನನ್ನು ಹೊಗಳುವಾಗ "ದೊಡ್ಡವನು, ದೊಡ್ಡವನು" ಅಂತ ಎರಡು ಸಲ ಹೇಳುತ್ತಿದ್ದರು. ನಾವು ಮೊಟ್ಟಮೊದಲು, ಕಟ್ಟಕಡೆ, ನಟ್ಟನಡು ಅನ್ನಲ್ವಾ, ಹೆಚ್ಚುಕಮ್ಮಿ ಹಾಗೇ. ಒಂದೇ ಶಾಸನವನ್ನು ಈಜಿಪ್ಟಿನ ಭಾಷೆಯಲ್ಲೂ ಗ್ರೀಕಿನಲ್ಲೂ ಕೆತ್ತಿದ ಕ್ರಿ.ಪೂ. 196ರ ರೊಸೆಟ್ಟಾ ಕಲ್ಲಿನ ಗ್ರೀಕ್ ಭಾಗದಲ್ಲಿ ಇದು ಪದಕ್ಕೆ ಪದ ಇಳಿದಿದೆ: "ದೊಡ್ಡವನೂ ದೊಡ್ಡವನೂ ಆದ ಹರ್ಮೀಸ್". ಮುಂದೆ ಎರಡು ಮೂರಾಯಿತು. ಟ್ರಿಸ್ಮೆಜಿಸ್ಟಸ್ ಅಂದರೆ ಮೂರು ಸಲ ದೊಡ್ಡವನು, ಅಷ್ಟೇ.

ಕ್ರಿ.ಶ. ಮೊದಲ ಮೂರು ಶತಮಾನಗಳಲ್ಲಿ ಯಾರ್ಯಾರೋ ದೇವರು, ಆತ್ಮ, ಜಗತ್ತು ಅಂತ ಗ್ರೀಕಿನಲ್ಲಿ ಬರೆದು ಇವನ ಹೆಸರು ಹಾಕಿದರು. ಪುರಾಣಗಳೆಲ್ಲ ವ್ಯಾಸರ ಹೆಸರಿಗೆ ಸೇರಿದ ಹಾಗೆ. ಅಲ್ಲಿ ಹರ್ಮೀಸ್ ಗುರು, ಅವನ ಮಗ ತಾತ್ ಶಿಷ್ಯ. ನನಗೆ ಜಾಸ್ತಿ ಇಷ್ಟವಾಗೋದು ಇದೇ: ತಾತ್ ಅಂದರೆ ಥೋತನದೇ ಹೆಸರು. ಒಬ್ಬನೇ ದೇವರು ಗ್ರೀಕ್ ಹೆಸರಲ್ಲಿ ಅಪ್ಪ, ಈಜಿಪ್ಟ್ ಹೆಸರಲ್ಲಿ ಮಗ!

1460ರ ಸುಮಾರಿಗೆ ಈ ಬರಹಗಳ ಹಸ್ತಪ್ರತಿ ಫ್ಲಾರೆನ್ಸ್‌ಗೆ ಬಂತು. ಆ ಊರನ್ನು ಆಳುತ್ತಿದ್ದ ಶ್ರೀಮಂತ ಕೋಸಿಮೊ ಡಿ ಮೆಡಿಚಿಗೆ ಆಗ 70 ದಾಟಿತ್ತು. "ಪ್ಲೇಟೊ ಇರಲಿ, ಮೊದಲು ಇದನ್ನು ಲ್ಯಾಟಿನ್ನಿಗೆ ತಾ" ಅಂತ ತನಗಾಗಿ ಪ್ಲೇಟೊನನ್ನು ಅನುವಾದಿಸಬೇಕಿದ್ದ ಪಂಡಿತ ಫಿಚಿನೊಗೆ ಹೇಳಿದ. 1463ರಲ್ಲಿ ಅನುವಾದ ಮುಗಿಯಿತು, ಮರುವರ್ಷ ಕೋಸಿಮೊ ತೀರಿಕೊಂಡ.

ಇದು ಬೈಬಲ್ಲಿನ ಪ್ರವಾದಿ ಮೋಸೆಸ್ ಕಾಲದ ಜ್ಞಾನ ಅಂತ ಎಲ್ಲರೂ ನಂಬಿದ್ದರು. 1614ರಲ್ಲಿ ಐಸಾಕ್ ಕಸೊಬಾನ್ ಅನ್ನೋ ಪಂಡಿತ ಸುಮ್ನೆ ಭಾಷೆ ನೋಡಿದ. ಗ್ರೀಕ್ ಪದಗಳು ತೀರಾ ಈಚಿನವು. ಕ್ರಿ.ಪೂ. 5ನೇ ಶತಮಾನದ ಶಿಲ್ಪಿ ಫಿಡಿಯಾಸ್‌ನ ಹೆಸರೂ ಒಳಗಿದೆ! ಅದಕ್ಕಿಂತ ಎಷ್ಟೋ ಹಿಂದಿನ ಮೋಸೆಸ್ ಕಾಲದವನಿಗೆ ಅವನು ಹೇಗೆ ಗೊತ್ತು?

ಇಟಲಿಯ ಸಿಯೆನಾ ಕೆಥೆಡ್ರಲ್‌ನ ಮುಖ್ಯ ಬಾಗಿಲು ದಾಟಿ ಒಳಗೆ ಹೋದರೆ ನೆಲದ ಅಮೃತಶಿಲೆಯಲ್ಲಿ ಹರ್ಮೀಸ್ ಟ್ರಿಸ್ಮೆಜಿಸ್ಟಸ್ ಉದ್ದನೆ ಟೋಪಿ ಹಾಕಿ ನಿಂತಿದ್ದಾನೆ. 1480ರ ದಶಕದ ಕೆಲಸ. ಕಾಲ ಬಳಿ "ಮೋಸೆಸ್‌ನ ಸಮಕಾಲೀನ" ಅಂತ ಲ್ಯಾಟಿನ್ನಿನಲ್ಲಿ ಬರೆದಿದೆ. ಅದನ್ನು ಯಾರೂ ತಿದ್ದಿಲ್ಲ.