ಮನೆಯವರ ಬದಲು ನಾವು ಹೇಳುವ ಹಲ್ಲೆಲೂಯಾ

ನವೆಂಬರ್ 1 ಸಕಲ ಸಂತರ ಹಬ್ಬ. ಇಂಗ್ಲೆಂಡಿನ ಚರ್ಚಿನ ಪರಂಪರೆಯಿಂದ ಬಂದ ಅಮೆರಿಕದ ಎಪಿಸ್ಕೋಪಲ್ ಸಭೆಗಳಲ್ಲಿ ಅದನ್ನು ಮುಂದಿನ ಭಾನುವಾರವೂ ಆಚರಿಸುವ ರೂಢಿ ಇದೆ. ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಮ್‌ಗೆ, ವಿಶೇಷವಾಗಿ ಒಪ್ಪುವ ದಿನಗಳು ಎಂದು ಇವರ 1979ರ ಪ್ರಾರ್ಥನಾ ಪುಸ್ತಕ ಹೇಳುವ ಕೆಲವೇ ದಿನಗಳಲ್ಲಿ ಇದೂ ಒಂದು. ನಾನು ಈಗ ಹೋಗುವ ಇಲ್ಲಿನ ಎಪಿಸ್ಕೋಪಲ್ ಸಭೆಯಲ್ಲಿ ಅದೇ ಆರಾಧನೆಯಲ್ಲಿ ಆ ವರ್ಷ ತೀರಿಕೊಂಡವರ ಹೆಸರುಗಳನ್ನೂ ಓದುತ್ತಾರೆ. ಒಂದು ಕಡೆ ಮಗುವಿನ ಅಳು, ಇನ್ನೊಂದು ಕಡೆ ಅಜ್ಜಂದಿರ ಹೆಸರು. ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾನುವಾರ ಅದು.

ನಾನು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯಲ್ಲಿ ಬೆಳೆದವಳು. 1947ರಲ್ಲಿ ಹಲವು ಸಭೆಗಳು ಕೂಡಿ ಆದ ನಮ್ಮ ಸಭೆಯೂ ಇವರ ಸಭೆಯೂ ಇವತ್ತು ಇಂಗ್ಲೆಂಡಿನ ಚರ್ಚಿನ ಜೊತೆಗಿರುವ ಆಂಗ್ಲಿಕನ್ ಬಳಗಕ್ಕೇ ಸೇರಿದವು. ಹಾಗಾಗಿ ಇಲ್ಲಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಲು ಕರ್ತನ ಮೇಜಿನ ಹತ್ತಿರ ಹೋಗುವಾಗ ಹೊರಗಿನವಳು ಅಂತ ಯಾವತ್ತೂ ಅನ್ನಿಸಲಿಲ್ಲ.

ದೀಕ್ಷಾಸ್ನಾನದಲ್ಲಿ ಮೊದಲು ತಂದೆತಾಯಿ, ಮಗುವಿನ ನಂಬಿಕೆಗೆ ಹೊಣೆ ನಿಲ್ಲುವ ಗಾಡ್‌ಪೇರೆಂಟ್‌ಗಳು ಮಾತು ಕೊಡುತ್ತಾರೆ. ಆಮೇಲೆ ಪಾದ್ರಿಯಮ್ಮ ನಮ್ಮ ಕಡೆ ತಿರುಗುತ್ತಾರೆ. ಈ ಮಾತುಗಳಿಗೆ ಸಾಕ್ಷಿಯಾದ ನೀವೆಲ್ಲ ಕ್ರಿಸ್ತನಲ್ಲಿ ಈ ಮಗುವಿನ ಬಾಳಿಗೆ ಕೈಲಾದಷ್ಟೂ ಆಸರೆಯಾಗುತ್ತೀರಾ ಎಂದು ಕೇಳುತ್ತಾರೆ. ಆಗುತ್ತೇವೆ ಎಂದು ಇಡೀ ಸಭೆ ಹೇಳಬೇಕು. ಬೆಂಚಿನಲ್ಲಿ ಸುಮ್ನೆ ಕೂತು ನೋಡಿ ಹೋಗುವ ಹಾಗಿಲ್ಲ.

ಆಮೇಲೆ ನೀರು. ಪಾದ್ರಿಯಮ್ಮ ಎತ್ತರದಿಂದ ಹೂಜಿ ಬಗ್ಗಿಸುತ್ತಾರೆ, ಕೊನೆಯ ಬೆಂಚಿನವರಿಗೂ ಸದ್ದು ಕೇಳುತ್ತದೆ. ತಲೆಗೆ ನೀರು ಬಿದ್ದ ಮೇಲೆ ಹೆಬ್ಬೆರಳನ್ನು ಎಣ್ಣೆಗೆ ಅದ್ದಿ ಹಣೆಗೆ ಶಿಲುಬೆ ಎಳೆಯುತ್ತಾರೆ. ಬಿಷಪ್ ಪ್ರಾರ್ಥಿಸಿ ಪ್ರತಿಷ್ಠಿಸಿದ ಆಲಿವ್ ಎಣ್ಣೆ, ಅದಕ್ಕೆ ಸುಗಂಧ ಬೆರೆತಿರುತ್ತದೆ. ನೀನು ಎಂದೆಂದಿಗೂ ಕ್ರಿಸ್ತನವನು ಎಂಬ ಗುರುತು ಅದು. ಎಂದೆಂದಿಗೂ! ಮಗು ದೊಡ್ಡವನಾಗಿ ನಂಬಿಕೆ ಬಿಟ್ಟರೂ ಈ ಗುರುತು ಅಳಿಸುವುದಿಲ್ಲ, ದೀಕ್ಷಾಸ್ನಾನವನ್ನು ಎರಡನೇ ಸಲ ಮಾಡುವುದೂ ಇಲ್ಲ. ಮನೆ ಬಿಟ್ಟು ದೂರ ಹೋದ ಮಕ್ಕಳಿಗಾಗಿ ಪ್ರಾರ್ಥಿಸುವ ತಾಯಂದಿರಿಗೆ ಈ ಮಾತಿನ ಬೆಲೆ ಗೊತ್ತು.

ಮದುವೆಯಲ್ಲೂ ನಮ್ಮನ್ನು ಕೇಳುತ್ತಾರೆ: ಇವರಿಬ್ಬರ ದಾಂಪತ್ಯ ನಿಲ್ಲುವಂತೆ ಕೈಲಾದದ್ದನ್ನೆಲ್ಲ ಮಾಡುತ್ತೀರಾ? ನಮ್ಮೂರ ಮದುವೆಗಳಲ್ಲಿ ಆ ಹೊತ್ತಿಗೆ ಅರ್ಧ ಜನ ಊಟದ ಪಂಕ್ತಿಯ ಕಡೆ ನೋಡುತ್ತಿರುತ್ತಾರೆ, ಅಲ್ವಾ? ಇಲ್ಲಿ ನೆಂಟರೆಲ್ಲ ಒಟ್ಟಿಗೆ ಉತ್ತರ ಕೊಟ್ಟ ಮೇಲೇ ಮುಂದಿನ ಮಾತು. ಗಂಡ ಹೆಂಡತಿಯ ಬಲಗೈ ಹಿಡಿದು ಮಾತು ಕೊಡುತ್ತಾನೆ. ಕೈ ಬಿಡುತ್ತಾರೆ. ಈಗ ಅವಳು ಅವನ ಬಲಗೈ ಹಿಡಿದು ಅದೇ ಮಾತು ಕೊಡುತ್ತಾಳೆ. ಗಂಡನಿಗೆ ವಿಧೇಯಳಾಗಿರುತ್ತೇನೆ ಎಂದು ಅವಳಿಂದ ಹೇಳಿಸುವುದನ್ನು ಇವರು 1928ರಲ್ಲೇ ಬಿಟ್ಟರು. ಒಳ್ಳೆಯದೇ ಆಯಿತು.

ಶವಸಂಸ್ಕಾರದಲ್ಲಿ ಮಾತ್ರ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಅದೇ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ.

ನಮ್ಮಲ್ಲಿ ಕೊನೆಯವರೆಗೂ ಮುಖ ನೋಡಲು ಬಿಡುತ್ತಾರೆ. ಇಲ್ಲಿ ಆರಾಧನೆಗೆ ಮೊದಲೇ ಪೆಟ್ಟಿಗೆ ಮುಚ್ಚುತ್ತಾರೆ, ಮತ್ತೆ ತೆರೆಯುವುದಿಲ್ಲ. ಅದರ ಮೇಲೆ ಸಭೆಯ ದೊಡ್ಡ ಬಿಳಿ ಬಟ್ಟೆ ಹೊದಿಸುತ್ತಾರೆ. ತೇಗದ ಪೆಟ್ಟಿಗೆಯೋ ಅಗ್ಗದ ಪೈನ್ ಹಲಗೆಯದೋ, ಆಮೇಲೆ ಗೊತ್ತಾಗುವುದಿಲ್ಲ. ಸಾಹುಕಾರನಿಗೂ ಒಬ್ಬಂಟಿ ಮುದುಕಿಗೂ ಅದೇ ಬಟ್ಟೆ. ಪಕ್ಕದಲ್ಲಿ, ಯೇಸು ಸಾವಿನಿಂದ ಎದ್ದ ಹಬ್ಬವಾದ ಈಸ್ಟರ್‌ನ ದೀಪ. ಆ ವರ್ಷದ ಅಂಕೆ ಕೊರೆದ ಉದ್ದನೆಯ ಮೇಣದಬತ್ತಿ ಅದು. ದೀಕ್ಷಾಸ್ನಾನದಲ್ಲಿ ಮಗುವಿಗಾಗಿ ಕೊಡುವ ಪುಟ್ಟ ಬತ್ತಿಯನ್ನು ಹಚ್ಚುವುದು ಇದರಿಂದಲೇ. ಸಾವಿನ ಆರಾಧನೆ ಈಸ್ಟರ್‌ನ ಆರಾಧನೆಯೇ ಎಂದು ಪ್ರಾರ್ಥನಾ ಪುಸ್ತಕ ನೇರವಾಗಿ ಹೇಳುತ್ತದೆ. “ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ” ಎಂಬ ಯೇಸುವಿನ ಮಾತಿನಿಂದಲೇ ಶುರು.

ಎಂಬತ್ತು ತೊಂಬತ್ತು ವರ್ಷ ಬಾಳಿದವರ ದೀಕ್ಷಾಸ್ನಾನದ ದಿನ ಮಾತು ಕೊಟ್ಟವರು ಯಾರೂ ಈಗ ಉಳಿದಿರುವುದಿಲ್ಲ. ಯಾವ ಊರೋ, ಯಾವ ಸಭೆಯೋ. ಆ ಮಾತು ಕೈಯಿಂದ ಕೈಗೆ ಬಂದು ಈಗ ನಮ್ಮ ಹತ್ತಿರ ಇದೆ. ಅದಕ್ಕೇ ಜಾಸ್ತಿ ಪರಿಚಯ ಇಲ್ಲದವರ ಶವಸಂಸ್ಕಾರಕ್ಕೂ ನಾನು ರಜೆ ಹಾಕಿ ಹೋಗುತ್ತೇನೆ. ಕೊನೆಯಲ್ಲಿ ಪೆಟ್ಟಿಗೆಯ ಹತ್ತಿರ ನಿಂತು ಒಂದು ಪ್ರಾರ್ಥನೆ ಹೇಳುತ್ತಾರೆ. ನಾವೆಲ್ಲ ಮಣ್ಣು, ಮಣ್ಣಿಗೇ ಹೋಗುವವರು, ಆದರೂ ಸಮಾಧಿಯ ಬಳಿಯೂ ನಮ್ಮ ಹಾಡು ಹಲ್ಲೆಲೂಯಾ, ಅಂದರೆ ದೇವರನ್ನು ಸ್ತುತಿಸಿರಿ, ಎಂಬುದು ಅದರ ಸಾರ. ಮೂರು ಸಲ ಹಲ್ಲೆಲೂಯಾ. ಮುಂದಿನ ಬೆಂಚಿನಲ್ಲಿ ಕೂತ ಹೆಂಡತಿಗೋ ಮಗಳಿಗೋ ಆಗ ದನಿಯೇ ಹೊರಡುವುದಿಲ್ಲ. ಹಿಂದೆ ಕೂತ ನಾವು ಅವರ ಪಾಲಿನದನ್ನೂ ಸೇರಿಸಿ ಗಟ್ಟಿಯಾಗಿ ಹೇಳಬೇಕು.